ಬೇಗಂ ಬಜಾರಿನ ಬೇಗಂ ಯಾರು?

ಪ್ರಶ್ನೆ: ಹಿತ್ತಾಳೆ ಪಾತ್ರೆ, ಮದುವೆಗೆ ಬೇಕಾದ ಗೋಡಂಬಿ-ದ್ರಾಕ್ಷಿ ಎಲ್ಲಕ್ಕೂ ನಾವು ಬೀದರ್ ಕಡೆಯವರು ಹೈದರಾಬಾದಿನ ಬೇಗಂ ಬಜಾರಿಗೇ ಹೋಗುತ್ತೇವೆ. ಈ ಬೇಗಂ ಯಾರು? ಪ್ರಾಚೀನ ರೋಮ್‌ನ ಶ್ರೀಮಂತ ಮನೆತನದ ಹೆಂಗಸರು ತೆರೆಮರೆಯಲ್ಲಿ ರಾಜಕೀಯ ನಡೆಸುತ್ತಿದ್ದರೆಂದು ಓದಿದ್ದೇನೆ. ನಿಜಾಮರ ಜನಾನಾದಲ್ಲೂ ಹಾಗೇ ಇತ್ತೇ?

ಉತ್ತರ: ಆಕೆ ಹಮ್ದಾ ಬೇಗಂ. ಎರಡನೆಯ ಆಸಫ್ ಜಾ, ಅಂದರೆ ನಿಜಾಮ್ ಅಲಿ ಖಾನರ (1762–1803) ಪತ್ನಿ. ಮೂಸಿ ನದಿಯ ಉತ್ತರಕ್ಕೆ, ಕೋಟೆಗೋಡೆಯ ಆಚೆಗಿದ್ದ ಈ ಜಾಗವನ್ನು ವ್ಯಾಪಾರಿಗಳಿಗೆ ಬಿಟ್ಟುಕೊಟ್ಟವರು ಅವರೇ ಎಂದು ಹೈದರಾಬಾದಿನಲ್ಲಿ ಹೇಳುತ್ತ ಬಂದಿದ್ದಾರೆ.

ರಾಣಿಯೊಬ್ಬಳು ಜಾಗ ಕೊಟ್ಟಳೆಂದರೆ ನಾವು ಅದನ್ನು ದಾನ-ಧರ್ಮದ ಲೆಕ್ಕಕ್ಕೆ ಸೇರಿಸಿ ಮುಂದೆ ಹೋಗುತ್ತೇವೆ. ನನಗೆ ಅದು ರಾಜಕೀಯವಾಗಿಯೇ ಕಾಣುತ್ತದೆ. ನಿಜಾಮ್ ಅಲಿ ಖಾನರು ರಾಜಧಾನಿಯನ್ನು ಔರಂಗಾಬಾದಿನಿಂದ ಹೈದರಾಬಾದಿಗೆ ತಂದಿದ್ದರು. ಒಂದು ಕಡೆ ಮರಾಠರು, ಇನ್ನೊಂದು ಕಡೆ ಮೈಸೂರು. ಸೈನ್ಯಕ್ಕೆ ಸಂಬಳ ಕೊಡಬೇಕಿತ್ತು. ಕಂದಾಯ ಬರುವುದು ಸುಗ್ಗಿಯ ನಂತರ. ನಡುವಿನ ತಿಂಗಳುಗಳಿಗೆ ಕಂದಾಯದ ಭರವಸೆಯ ಮೇಲೆ ಮುಂಗಡ ಕೊಡುವ ಸಾಹುಕಾರರಿಲ್ಲದೆ ದರ್ಬಾರು ನಡೆಯುತ್ತಿರಲಿಲ್ಲ. ಮುಂದೆ ಮಾರವಾಡಿಗಳು, ಗೋಸಾಯಿಗಳು ಬೇಗಂ ಬಜಾರಿನಲ್ಲಿ ನೆಲೆನಿಂತು ಈ ಲೇವಾದೇವಿ ನಡೆಸಿದರು. ಗೋಸಾಯಿಗಳು ಸನ್ಯಾಸಿ ಪರಂಪರೆಯವರು. ಮಠದಲ್ಲಿದ್ದುಕೊಂಡೇ ದೊಡ್ಡ ಮೊತ್ತದ ಸಾಲ ಕೊಡುತ್ತಿದ್ದರು. ರಾಜ್ಯಕ್ಕೆ ಹಣ ಒದಗಿಸುವವರಿಗೆ ನೆಲ ಒದಗಿಸುವುದು ಸಣ್ಣ ರಾಜಕೀಯವಲ್ಲ.

ಅದೇ ಜನಾನಾದಲ್ಲಿ ಹಣದ ಹಿಡಿತ ಇನ್ನೂ ನೇರವಾಗಿತ್ತು. ನಿಜಾಮರ ಖಾಸಗಿ ಖಜಾನೆ ಹಿರಿಯ ಪತ್ನಿ ಬಕ್ಷಿ ಬೇಗಂ ಕೈಯಲ್ಲಿತ್ತೆಂದು ಆ ಕಾಲದ ಬ್ರಿಟಿಷ್ ರೆಸಿಡೆನ್ಸಿಯ ವರದಿಗಳು ಹೇಳುತ್ತವೆ. 1795ರಲ್ಲಿ ಮರಾಠರೊಂದಿಗೆ ಖರ್ಡಾ ಯುದ್ಧ ನಡೆದಾಗ ಜನಾನಾ ಕೂಡ ದಂಡಿನ ಜೊತೆಗಿತ್ತು. ಅದರ ಕಾವಲಿಗಿದ್ದ ಹೆಂಗಸರ ಪಡೆ, ಜಫರ್ ಪಲ್ಟನ್, ಬಂದೂಕು ಹಿಡಿದು ರಣರಂಗಕ್ಕಿಳಿಯಿತು. ಮಾಮಾ ಬರುನ್, ಮಾಮಾ ಚಂಪಾ ಎಂಬಿಬ್ಬರು ಅದರ ನಾಯಕಿಯರು. ಬಕ್ಷಿ ಬೇಗಂ ಹಟ ಹಿಡಿದದ್ದರಿಂದಲೇ ನಿಜಾಮರು ರಾತ್ರೋರಾತ್ರಿ ಖರ್ಡಾ ಕೋಟೆಯೊಳಗೆ ಸೇರಿ ಸಿಕ್ಕಿಬಿದ್ದರೆಂಬ ಕತೆಯಿದೆ. ಸೋತಾಗ ಹೆಂಗಸಿನ ತಲೆಗೆ ಕಟ್ಟುವ ಇಂಥ ಕತೆಗಳನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ನೀವು ಕೇಳಿದ ರೋಮ್‌ನಲ್ಲೂ ಇದೇ ಪಾಡು. ಅಗಸ್ಟಸ್‌ನ ಪತ್ನಿ ಲಿವಿಯಾ ವಿಷ ಹಾಕಿದಳು, ಪಿತೂರಿ ಮಾಡಿದಳು ಎಂಬ ಗುಸುಗುಸು ಎರಡು ಸಾವಿರ ವರ್ಷದಿಂದ ನಡೆದಿದೆ. ಗಟ್ಟಿ ದಾಖಲೆ ಬೇರೆ ಮಾತು ಹೇಳುತ್ತದೆ. ಕ್ರಿ.ಪೂ. 35ರಲ್ಲಿ ಆಕೆಗೆ ಗಂಡಸು ಪೋಷಕನಿಲ್ಲದೆ ಸ್ವಂತ ಆಸ್ತಿ ನೋಡಿಕೊಳ್ಳುವ ಹಕ್ಕು ಸಿಕ್ಕಿತು. ಮೈಮುಟ್ಟಿ ಅವಮಾನಿಸಿದರೆ ಜನಪ್ರತಿನಿಧಿಗೆ ಮಾಡಿದಷ್ಟೇ ಅಪರಾಧವೆಂಬ ರಕ್ಷಣೆಯೂ ಸಿಕ್ಕಿತು. ಕ್ರಿ.ಶ. 14ರಲ್ಲಿ ಅಗಸ್ಟಸ್ ತೀರಿಕೊಂಡಾಗ ಅವನ ಆಸ್ತಿಯ ಮೂರನೇ ಒಂದು ಪಾಲು ಆಕೆಗೆ ಬಂತು. ರೋಮ್‌ನ ಎಸ್ಕ್ವಿಲೈನ್ ಗುಡ್ಡದಲ್ಲಿ ಆಕೆಯ ಹೆಸರಿನ ಮಾರುಕಟ್ಟೆಯೂ ಇತ್ತು. ಅದು ಅವರ ಬೇಗಂ ಬಜಾರ್!

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳಿದಳು, ಗೋಕಾಕಿನ ಕೋಟೆಗೆ ಮುತ್ತಿಗೆ ಹಾಕಿದಳು. ಗದಗ ಜಿಲ್ಲೆಯ ಸೂಡಿ ಆಕೆಯ ಆಡಳಿತದಲ್ಲಿತ್ತು. ಚೋಳರ ಯುದ್ಧದಲ್ಲಿ ಅಲ್ಲಿನ ಸೆಟ್ಟಿಗಳ ಕಟ್ಟುಪಾಡುಗಳು ಹಾಳಾಗಿದ್ದವು. 1050ರ ಸುಮಾರಿಗೆ ಅವುಗಳನ್ನು ಮತ್ತೆ ಊರ್ಜಿತಗೊಳಿಸಿದ್ದನ್ನು ಸೂಡಿಯ ಶಾಸನ ದಾಖಲಿಸಿದೆ. ಯುದ್ಧದಿಂದ ಕಂಗೆಟ್ಟ ಪೇಟೆಯನ್ನು ಎತ್ತಿ ನಿಲ್ಲಿಸಿದ ಈ ಕೆಲಸ ನಮ್ಮ ಪಠ್ಯಪುಸ್ತಕಗಳಲ್ಲಿ ಗೋಕಾಕಿನ ಮುತ್ತಿಗೆಯ ಪಕ್ಕದಲ್ಲೇ ಇರಬೇಕು.

ಆದ್ದರಿಂದ ತೆರೆಮರೆಯ ಮಾತನ್ನು ಸ್ವಲ್ಪ ಬದಿಗಿಡಿ. ಯಾವ ನೆಲ ಆಕೆಯದು, ಯಾವ ಖಜಾನೆಯ ಬೀಗದ ಕೈ ಆಕೆಯಲ್ಲಿತ್ತು, ಯಾರಿಗೆ ಯಾವ ಹಕ್ಕು ಕೊಟ್ಟಳು ಎಂದು ಕೇಳಿ. ಮುಂದಿನ ಸಲ ಹೈದರಾಬಾದಿಗೆ ಹೋದಾಗ ಪಾತ್ರೆ ಅಂಗಡಿಗಳ ಸಾಲು ದಾಟಿ ಗೋಸಾಯಿ ಮಠಗಳ ಕಡೆಗೂ ಒಂದು ಸುತ್ತು ಹಾಕಿಬನ್ನಿ.