ಬೇಕೆಂದೇ ಸೋಲುವ ತಂಡಕ್ಕೆ ಟಿಕೆಟ್ ಕೊಂಡು ಕಲಿತದ್ದು

ಎನ್‌ಬಿಎಯಲ್ಲಿ ಪ್ರತಿವರ್ಷ ಹೊಸ ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟ್ ನಡೆಯುತ್ತದೆ. ಮುಂಚಿನ ಸರದಿಗಳನ್ನು ಲಾಟರಿ ಎತ್ತಿ ಹಂಚುತ್ತಾರೆ; ಹೆಚ್ಚು ಸೋತ ತಂಡಕ್ಕೆ ಮುಂಚೆ ಆರಿಸುವ ಸರದಿ, ಅಂದರೆ ಮೇಲಿನ ಪಿಕ್, ಸಿಗುವ ಸಾಧ್ಯತೆ ಹೆಚ್ಚು. ಹೇಗೂ ಕೈಲಾಗದ ವರ್ಷ, ಇನ್ನಷ್ಟು ಸೋತುಬಿಡೋಣ ಎಂಬ ಲೆಕ್ಕಾಚಾರಕ್ಕೆ ಟ್ಯಾಂಕಿಂಗ್ ಎಂದು ಹೆಸರು. ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡ 2013ರಿಂದ 2016ರವರೆಗೆ ಇದನ್ನೇ ವ್ರತದಂತೆ ನಡೆಸಿತು. ಆ ಮೂರೂ ಸೀಸನ್ ನಾನು ಮೇಲಿನ ಅಗ್ಗದ ಸೀಟುಗಳಲ್ಲಿ ಕೂತು ನೋಡಿದವನು. ಶನಿವಾರ ಭಾನುವಾರ ಇಲ್ಲಿನ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತೇನೆ. ಅವೆರಡರಿಂದ ದಕ್ಕಿದ ಪಾಠಗಳಿವು.

1. ಸೋಲಿನ ತೀರ್ಮಾನ ಆಗುವುದು ಆಫೀಸಿನಲ್ಲಿ. ಅಂಗಳದಲ್ಲಿ ಯಾರೂ ಬೇಕೆಂದು ಸೋಲುವುದಿಲ್ಲ. ಅಲ್ಲಿರುವವರಿಗೆ ಮುಂದಿನ ಕಾಂಟ್ರ್ಯಾಕ್ಟ್‌ನ ಚಿಂತೆ. 2015–16ರಲ್ಲಿ ನಮ್ಮ ತಂಡ 82ರಲ್ಲಿ ಗೆದ್ದದ್ದು 10 ಪಂದ್ಯ. ಆ ತಂಡದಲ್ಲಿ, ಯಾರೂ ಡ್ರಾಫ್ಟ್‌ನಲ್ಲಿ ಆರಿಸದ ಟಿ.ಜೆ. ಮೆಕಾನೆಲ್ ಎಂಬ ಕುಳ್ಳ ಗಾರ್ಡ್ ಇದ್ದ. ಬ್ಯಾಸ್ಕೆಟ್ ಬಿದ್ದ ಮೇಲೆ ಎದುರಾಳಿ ಚೆಂಡನ್ನು ಒಳಗೆ ಎಸೆಯಬೇಕಲ್ಲ, ಆಗ ಇವನು ಬೆನ್ನು ತಿರುಗಿಸಿ ವಾಪಸ್ ಹೊರಟವನಂತೆ ನಟಿಸಿ, ಗಕ್ಕನೆ ತಿರುಗಿ ಚೆಂಡು ಕಸಿಯುತ್ತಿದ್ದ. ಇಪ್ಪತ್ತು ಪಾಯಿಂಟ್ ಹಿಂದಿದ್ದರೂ ಅದೇ ಕಸರತ್ತು. 2025ರ ಫೈನಲ್‌ನಲ್ಲಿ ಇಂಡಿಯಾನಾ ಪರವಾಗಿಯೂ ಅದನ್ನೇ ಮಾಡಿದ. ಅಷ್ಟೆಲ್ಲ ಸೋತು ಸಿಕ್ಕ ಕೆಲವು ದೊಡ್ಡ ಪಿಕ್‌ಗಳಿಗಿಂತ ಅವನೇ ಹೆಚ್ಚು ಬಾಳಿಕೆ ಬಂದ.

2. ಲಾಟರಿಯ ನಿಯಮ ಓದಿಕೊಂಡು ಸೋಲಿ. ಕೊನೆಯ ಸ್ಥಾನದ ತಂಡಕ್ಕೆ ಮೊದಲ ಪಿಕ್ ಸಿಗುವ ಸಾಧ್ಯತೆ ಮುಂಚೆ ಶೇ. 25 ಇತ್ತು. 2019ರ ಲಾಟರಿಯಲ್ಲಿ ಅದು ಕೊನೆಯ ಮೂರು ತಂಡಗಳಿಗೂ ತಲಾ ಶೇ. 14 ಆಯಿತು. 2023–24ರಲ್ಲಿ ಡೆಟ್ರಾಯಿಟ್ ಸತತ 28 ಪಂದ್ಯ ಸೋತು, ಗೆದ್ದದ್ದು 14; ಸಿಕ್ಕಿದ್ದು ಐದನೇ ಪಿಕ್. ಮರುವರ್ಷ 17 ಪಂದ್ಯ ಮಾತ್ರ ಗೆದ್ದ ಯೂಟಾಗೂ ಐದನೆಯದೇ. ಶೇ. 1.8ರ ಸಾಧ್ಯತೆಯಿದ್ದ ಡಲ್ಲಾಸ್ ಮೊದಲ ಪಿಕ್ ಹೊಡೆದು ಕೂಪರ್ ಫ್ಲ್ಯಾಗ್‌ನನ್ನು ಕರೆದೊಯ್ದಿತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು ಉಳಿದವರ ಪಾಡು.

3. ಪಿಕ್ ಸಿಕ್ಕರಾಯಿತೆ? ಆರಿಸುವ ಕಣ್ಣು ಬೇಕು. ನಮ್ಮವರು ಮೂರು ವರ್ಷದಲ್ಲಿ ನೋಯೆಲ್, ಎಂಬೀಡ್, ಒಕಫೋರ್ ಎಂದು ಮೂವರು ಸೆಂಟರ್‌ಗಳನ್ನು ತಂದು ಗುಡ್ಡೆ ಹಾಕಿದರು. ಇವರಲ್ಲಿ ಎಂಬೀಡ್ ಗಾಯದಿಂದ ಮೊದಲ ಎರಡು ಸೀಸನ್ ಆಡಲೇ ಇಲ್ಲ. 2017ರಲ್ಲಿ ಬಾಸ್ಟನ್ ಜೊತೆ ವ್ಯವಹಾರ ಮಾಡಿ ಮೊದಲ ಪಿಕ್ ಪಡೆದು ಫುಲ್ಟ್ಸ್‌ನನ್ನು ಆರಿಸಿದರು; ಅವನು ನಿರೀಕ್ಷೆ ಮುಟ್ಟಲಿಲ್ಲ. ಬಾಸ್ಟನ್ ಮೂರನೆಯದರಲ್ಲಿ, ಮುಂದೆ ತಾರೆಯಾದ ಟೇಟಮ್‌ನನ್ನು ತೆಗೆದುಕೊಂಡು ಸುಮ್ಮನಾಯಿತು. ಅತ್ತ ಮುಂದೆ ಲೀಗ್‌ನ ದೊಡ್ಡ ತಾರೆಗಳಾದವರಲ್ಲಿ ಯಾನಿಸ್ 2013ರ 15ನೇ ಪಿಕ್, ಯೋಕಿಚ್ 2014ರ 41ನೆಯದು.

4. ಒಕ್ಲಹೋಮಾವನ್ನು ಪೂರ್ತಿ ಓದಿ. ಟ್ಯಾಂಕಿಂಗ್ ಪರ ವಾದಿಸುವವರೆಲ್ಲ 2025ರ ಈ ಚಾಂಪಿಯನ್ನರನ್ನು ತೋರಿಸುತ್ತಾರೆ. ಎರಡು ಸೀಸನ್ ಅವರು ಸೋತದ್ದು ನಿಜ, ಅದರಿಂದ ಚೆಟ್ ಹೋಮ್‌ಗ್ರೆನ್ ಸಿಕ್ಕಿದ್ದೂ ನಿಜ. ಆದರೆ ತಂಡದ ಜೀವ ಶೇ ಗಿಲ್ಜಸ್-ಅಲೆಕ್ಸಾಂಡರ್. ಅವನು ಬಂದದ್ದು 2019ರಲ್ಲಿ, ಪಾಲ್ ಜಾರ್ಜ್‌ನನ್ನು ಕ್ಲಿಪರ್ಸ್‌ಗೆ ಕೊಟ್ಟಾಗ. ಜೇಲನ್ ವಿಲಿಯಮ್ಸ್‌ನನ್ನು ಆರಿಸಿದ 12ನೇ ಪಿಕ್ ಕೂಡ ಅದೇ ವ್ಯವಹಾರದ್ದು. ಆ ವ್ಯವಹಾರದ ಹಿಂದಿನ ಸೀಸನ್‌ನಲ್ಲಿ ಒಕ್ಲಹೋಮಾ 49 ಪಂದ್ಯ ಗೆದ್ದಿತ್ತು! ಒಳ್ಳೆಯ ಆಟಗಾರ ಕೈಯಲ್ಲಿದ್ದುದರಿಂದಲೇ ಅಷ್ಟು ಬೆಲೆ ಸಿಕ್ಕಿತು.

5. ಹುಡುಗರಿಗೆ ಹಿರಿಯರು ಬೇಕು. ನಾನು ಕಲಿಸುವ ಹದಿಮೂರರ ಮಕ್ಕಳಲ್ಲೂ ನೋಡಿದ್ದೇನೆ: ಡಿಫೆನ್ಸ್‌ನಲ್ಲಿ ಎಲ್ಲಿ ನಿಲ್ಲಬೇಕೆಂದು ಕೋಚ್ ಹತ್ತು ಸಲ ಕೂಗಿದ್ದಕ್ಕಿಂತ, ಪಕ್ಕದ ದೊಡ್ಡ ಹುಡುಗ ಒಮ್ಮೆ ತೋಳು ಹಿಡಿದು ಜರುಗಿಸಿದರೆ ಬೇಗ ತಲೆಗೆ ಹೋಗುತ್ತದೆ. 1996–97ರಲ್ಲಿ ಡೇವಿಡ್ ರಾಬಿನ್ಸನ್ ಗಾಯಗೊಂಡು ಸ್ಯಾನ್ ಆಂಟೋನಿಯೊ 20 ಪಂದ್ಯ ಗೆದ್ದು, ಮೊದಲ ಪಿಕ್‌ನಲ್ಲಿ ಟಿಮ್ ಡಂಕನ್ ಬಂದ. ಬಂದವನ ಪಕ್ಕದಲ್ಲಿ ರಾಬಿನ್ಸನ್ ಇದ್ದರು. ಎರಡನೇ ಸೀಸನ್‌ಗೇ ಪ್ರಶಸ್ತಿ. ಫಿಲಡೆಲ್ಫಿಯಾ ಹಿರಿಯ ಎಲ್ಟನ್ ಬ್ರ್ಯಾಂಡ್‌ರನ್ನು ಕರೆತಂದದ್ದು 2016ರ ಜನವರಿಯಲ್ಲಿ, ಸೋಲು ಹುಡುಗರಿಗೆ ಒಗ್ಗಿಹೋದ ಮೇಲೆ.

6. ಲೀಗ್ ಹಾಕುವ ದಂಡಕ್ಕೆ ಯಾರೂ ಹೆದರುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಡಲ್ಲಾಸ್, ಗೆದ್ದರೆ ಬೇರೆ ತಂಡದ ಪಾಲಾಗಬಹುದಿದ್ದ ಪಿಕ್ ಉಳಿಸಿಕೊಳ್ಳಲು ಮುಖ್ಯ ಆಟಗಾರರನ್ನು ಕೂರಿಸಿ 7,50,000 ಡಾಲರ್ ದಂಡ ಕಟ್ಟಿತು. ಆ ಪಿಕ್‌ನ ದಾರಿಯಲ್ಲೇ ಡೆರೆಕ್ ಲೈವ್ಲಿ ಬಂದ, ಮರುವರ್ಷ ತಂಡ ಫೈನಲ್‌ನಲ್ಲಿತ್ತು. ನನ್ನ ವಾದಕ್ಕೆ ಇದು ಅಡ್ಡ ಬರುತ್ತದೆ, ಬರಲಿ.

7. ನನ್ನ ತೀರ್ಪು. ಮುಖ್ಯ ಆಟಗಾರ ಗಾಯಗೊಂಡು ಸೀಸನ್ ಕೈತಪ್ಪಿದ್ದರೆ, ಹಿರಿಯರು ಇಬ್ಬರು ಮೂವರು ತಂಡದಲ್ಲಿದ್ದರೆ, ಆ ಒಂದು ವರ್ಷ ಬಿಟ್ಟುಕೊಡಿ. ವರ್ಷಗಟ್ಟಲೆ ಸೋಲುವ ಯೋಜನೆ ಬೇಡ. ಎಂಬೀಡ್ 2023ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಾದ. ಆದರೂ ಫಿಲಡೆಲ್ಫಿಯಾ 2001ರ ನಂತರ 2025ರವರೆಗೆ ಒಮ್ಮೆಯೂ ಕಾನ್ಫರೆನ್ಸ್ ಫೈನಲ್, ಅಂದರೆ ಲೀಗ್‌ನ ಸೆಮಿಫೈನಲ್, ತಲುಪಲಿಲ್ಲ.