ಹಿತ್ತಿಲ ಹಟ್ಟಿಯ ಮೊದಲ ವರ್ಷ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಯು ಬಯಲುಸೀಮೆಯ ಊರಿನಂತೆ ಒತ್ತಾಗಿ ಕಟ್ಟಿದ ಮನೆಗಳ ಸಮೂಹವಲ್ಲ. ಕೆಳಗೆ ಗದ್ದೆ, ಅದರಂಚಿಗೆ ಅಡಿಕೆಯ ತೋಟ, ಮೇಲೆ ಮುರಕಲ್ಲಿನ ಗುಡ್ಡ. ಇವುಗಳ ನಡುವೆ ಒಂಟಿಯಾದ ಮನೆ, ಪಕ್ಕದಲ್ಲಿ ಹಟ್ಟಿ. ಗುಡ್ಡದ ಸೊಪ್ಪನ್ನೂ ತರಗೆಲೆಯನ್ನೂ ದನಗಳ ಕಾಲಡಿಗೆ ಹಾಸಿ, ಗೊಬ್ಬರವಾದ ಮೇಲೆ ತೋಟಕ್ಕೆ ಹೊರುವ ಕ್ರಮವು ಇಲ್ಲಿ ಹಿಂದಿನಿಂದ ಬಂದುದು. ಆದಕಾರಣ ಹಾಲಿಗಿಂತ ಗೊಬ್ಬರದ ಲೆಕ್ಕದಲ್ಲಿಯೇ ಹಟ್ಟಿಯ ಬೆಲೆಯನ್ನು ಕಟ್ಟುವುದು ಹೆಚ್ಚು ಉಚಿತ. ಗಿಡ್ಡ ಜಾತಿಯ ದನವು ದಿನಕ್ಕೆ ಒಂದೆರಡು ಲೀಟರು ಹಾಲನ್ನಷ್ಟೇ ಕೊಟ್ಟರೂ ಗುಡ್ಡವನ್ನೇರಿ ಮೇಯಬಲ್ಲದು, ಮಳೆಯನ್ನು ತಾಳಬಲ್ಲದು.

ಹಟ್ಟಿ ಬರಿದಾದ ಮನೆಗಳಲ್ಲಿ ಈಗ ಮತ್ತೆ ಆಡು ಕೋಳಿಗಳ ಯೋಚನೆ ಮೂಡುತ್ತಿದೆ. ಮಕ್ಕಳು ದೂರದ ನಗರಗಳಲ್ಲಿರುವಾಗ ವೃದ್ಧ ದಂಪತಿಗಳಿಗೆ ದನದ ಚಾಕರಿ ಭಾರವಾಗುವುದು ಸಹಜ. ಆದರೆ ಸಣ್ಣ ಪ್ರಾಣಿಯ ಚಾಕರಿ ಸುಲಭವೆಂಬ ನಂಬಿಕೆಯನ್ನು ಮೊದಲ ಮಳೆಗಾಲವೇ ಪರೀಕ್ಷಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಸುರಿಯುವ ಈ ಸೀಮೆಯಲ್ಲಿ ಆಡಿಗೆ ಹಸಿವಿಗಿಂತ ತೇವವೇ ದೊಡ್ಡ ಶತ್ರು. ಒದ್ದೆ ನೆಲದಲ್ಲಿ ನಿಂತ ಆಡಿನ ಗೊರಸು ಕೊಳೆಯುತ್ತದೆ, ಹೊಟ್ಟೆಹುಳು ಹೆಚ್ಚುತ್ತದೆ. ಅಡಿಕೆ ಮರವನ್ನು ಸೀಳಿ, ನೆಲದಿಂದ ಮೂರು ನಾಲ್ಕು ಅಡಿ ಮೇಲೆ ಸಂದು ಬಿಟ್ಟು ಅಟ್ಟ ಕಟ್ಟಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಆಡು ಒಣಗಿರುತ್ತದೆ. ಮಳೆಗೆ ಮುಂಚೆಯೂ ಮಳೆ ನಿಂತ ಮೇಲೂ ಜಂತುಹುಳುವಿನ ಔಷಧಿ ಅವಶ್ಯ. ದೀಪಾವಳಿಯ ಬಳಿಕ ಎರಡು ಹೆಣ್ಣಾಡುಗಳಿಂದ ಆರಂಭಿಸಿದವರಿಗೆ ಕಲಿಯಲು ಆರು ತಿಂಗಳಿಗೂ ಮಿಕ್ಕಿ ಒಣ ಹವೆ ದೊರೆಯುತ್ತದೆ. ಮೇ ತಿಂಗಳಲ್ಲಿ ಹತ್ತನ್ನು ಒಮ್ಮೆಗೇ ಕೊಂಡವರಿಗೆ ಆ ಅವಕಾಶವಿಲ್ಲ. ಗರ್ಭಾವಧಿ ಸುಮಾರು 150 ದಿನಗಳಷ್ಟೇ ಆದುದರಿಂದ ಮಂದೆ ತಾನಾಗಿಯೇ ಬೆಳೆಯುತ್ತದೆ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸಿದ ತೋಟದ ಹುಲ್ಲನ್ನೂ ಹಾಳೆಯನ್ನೂ ಕೂಡಲೇ ಮೇವಿಗೆ ಬಳಸಬಾರದು. ಅದರಲ್ಲಿರುವ ಮೈಲುತುತ್ತು ತಾಮ್ರದ ಲವಣ; ಅದು ದೇಹದಲ್ಲಿ ಸಂಗ್ರಹವಾದರೆ ಯಕೃತ್ತಿಗೆ ಹಾನಿ. ಕುರಿಗಳಿಗಂತೂ ಇದು ವಿಶೇಷ ಅಪಾಯಕಾರಿ. ತೋಟಕ್ಕೆ ಔಷಧಿ ಬೀಳುವ ದಿನಗಳೂ ಗುಡ್ಡದಲ್ಲಿ ಮೇಯಿಸಲಾಗದ ದಿನಗಳೂ ಒಂದೇ ಆಗಿರುವುದರಿಂದ ಹಲಸಿನ ಸೊಪ್ಪು, ಗ್ಲಿರಿಸಿಡಿಯಾ, ಬೈಹುಲ್ಲುಗಳ ಏರ್ಪಾಡು ಮೊದಲೇ ಆಗಿರಬೇಕು.

ಕೋಳಿ ಸಾಕಣೆ ಎಲ್ಲ ಮನೆಗಳ ಪದ್ಧತಿಯಲ್ಲ. ಇರುವ ಮನೆಗಳಲ್ಲಿ 1989ರ ವೇಳೆಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ತಳಿ ಹೆಸರು ಮಾಡಿತು; ಆದರೆ ಕಾವು ಕೂತು 21 ದಿನಗಳಲ್ಲಿ ಮರಿ ಮಾಡಿಸಿ, ಹದ್ದಿನಿಂದ ಕಾಯುವ ಗುಣ ಊರಕೋಳಿಯದೇ. ಕೊಕ್ಕರೆ ರೋಗ ಬಂದರೆ ಎರಡು ಮೂರು ದಿನಗಳಲ್ಲಿ ಗೂಡು ಬರಿದಾಗಬಹುದು. ಅದಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯುಂಟು: ಮೊದಲ ವಾರದಲ್ಲಿ ಒಮ್ಮೆ, ಆರೆಂಟು ವಾರಗಳಾದಾಗ ಮತ್ತೊಮ್ಮೆ. ತೊಡಕೆಂದರೆ ಲಸಿಕೆಯ ಸೀಸೆ ನೂರು ಕೋಳಿಗಳಿಗೋ ಅದಕ್ಕಿಂತ ಹೆಚ್ಚಿಗೋ ಆಗುವಂಥದು. ಕಲಸಿದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಹತ್ತು ಕೋಳಿಗಳ ಒಂದು ಮನೆಗೆ ಇದು ಹೊಂದದು. ದೂರ ದೂರದ ಹತ್ತು ಮನೆಯವರು ದಿನ ಗೊತ್ತುಮಾಡಿಕೊಂಡು, ಮಂಜುಗಡ್ಡೆಯಲ್ಲಿ ತಂದು ಹಂಚಿಕೊಂಡರೆ ಮಾತ್ರ ಸಾಧ್ಯ.

ಇನ್ನು ನಾಯಿ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಅನಂತರ ವೈದ್ಯರು ಹೇಳಿದಂತೆ ಮರುಚುಚ್ಚುಮದ್ದು. ಬೆಳ್ತಂಗಡಿಯ ಘಟ್ಟದ ತಪ್ಪಲಿನಲ್ಲಿ ಚಿರತೆಗೆ ನಾಯಿಯೇ ಸುಲಭದ ಬೇಟೆಯಾದುದರಿಂದ ಅಂಗಳದಲ್ಲಿ ಸರಪಳಿಯಲ್ಲಿ ಕಟ್ಟಿದ ನಾಯಿ ಆಡನ್ನು ಕಾಯಲಾರದು. ಇರುಳಿನಲ್ಲಿ ಅದಕ್ಕೂ ಆಡಿನಂತೆಯೇ ಬಾಗಿಲಿರುವ ಗೂಡು ಬೇಕು.