ವಿದ್ಯಾರ್ಥಿಗೆ ಪೇಟಿಯ ಸಾಥ್ : ಒಂದು ವಿಚಾರ

ಗಾಯನ ಕಲಿಯುವ ವಿದ್ಯಾರ್ಥಿಗೆ ಗುರುವಿನ ಅನಂತರ ಅತ್ಯಂತ ಸಮೀಪದ ನಾದ ಯಾವುದೆಂದು ಕೇಳಿದರೆ ತಂಬೂರಿಯೆಂದು ಉತ್ತರಿಸುವವರೇ ಹೆಚ್ಚು. ಶಾಸ್ತ್ರದೃಷ್ಟಿಯಿಂದ ಅದು ಸರಿಯಾದ ಉತ್ತರವೇ. ಆದರೆ ಉತ್ತರ ಕರ್ನಾಟಕದ ಸಂಗೀತ ಶಾಲೆಗಳ ನಿತ್ಯದ ಪಾಠವನ್ನು ಕಂಡವರು ಬಲ್ಲರು, ಹುಡುಗನ ಕಿವಿಯಲ್ಲಿ ಮೊದಲು ಮನೆಮಾಡುವುದು ಹಾರ್ಮೋನಿಯಂ. ನಮ್ಮ ಭಾಗದವರ ಬಾಯಲ್ಲಿ ‘ಪೇಟಿ’. ಆ ಪೇಟಿಯ ಮುಂದೆ ಕುಳಿತವನ ಕರ್ತವ್ಯವೇನು, ಕಛೇರಿಯ ಸಾಥಿಗೂ ಕಲಿಯುವವನಿಗೆ ನೀಡುವ ಸಾಥಿಗೂ ಇರುವ ಭೇದವೇನು ಎಂಬ ವಿಷಯ ನಮ್ಮಲ್ಲಿ ಚರ್ಚೆಗೆ ಬಂದದ್ದು ಕಡಿಮೆ. ಸಾಥ್ ಎಂದರೆ ಗಾಯನದ ಬೆನ್ನಿಗೆ ತಾನಾಗಿ ಬಂದು ನಿಲ್ಲುವ ಸಂಗತಿಯೆಂದು ಭಾವಿಸಿರುವುದೇ ಇದಕ್ಕೆ ಕಾರಣವಿರಬೇಕು.

ಪೇಟಿ ಈ ನೆಲದ ವಾದ್ಯವಲ್ಲ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬ್ಯಾಂ ಎಂಬಾತ 1842ರಲ್ಲಿ ಹಾರ್ಮೋನಿಯಮ್ಮಿಗೆ ಪೇಟೆಂಟು ಪಡೆದನು. ಕಾಲಿನಿಂದ ತಿದಿಯೊತ್ತಿ ನುಡಿಸುತ್ತಿದ್ದ ಆ ವಾದ್ಯವು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಲಕತ್ತೆಯ ಕುಶಲಕರ್ಮಿಗಳ ಕೈಯಲ್ಲಿ, ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ತುಂಬುವ ಈಗಿನ ರೂಪವನ್ನು ತಳೆಯಿತು. ಅದರ ದೋಷಗಳೂ ಸರ್ವವಿದಿತ. ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬಾರದು; ದರಬಾರಿಯ ಆಂದೋಲಿತ ಗಾಂಧಾರ ಅದರ ಯಾವ ಮನೆಯಲ್ಲಿಯೂ ಸಿಕ್ಕದು. ಸಪ್ತಕವನ್ನು 1200 ಸೆಂಟುಗಳೆಂದು ಎಣಿಸಿದರೆ, ತಂಬೂರಿಯ ನಾದದೊಳಗೆ ತಾನಾಗಿ ಹುಟ್ಟುವ ಶುದ್ಧ ಗಾಂಧಾರವು ಷಡ್ಜದಿಂದ ಸುಮಾರು 386 ಸೆಂಟುಗಳ ಮೇಲಿದೆ. ಹನ್ನೆರಡು ಸಮಭಾಗಗಳಾಗಿ ಶ್ರುತಿಗೊಳಿಸಿದ ಪೇಟಿಯಲ್ಲಿ ಅದು 400. ಇಂಥ ಆಕ್ಷೇಪಗಳ ಫಲವಾಗಿಯೇ ಆಕಾಶವಾಣಿಯು 1940ರ ಮಾರ್ಚ್ 1ರಿಂದ ಪೇಟಿಯನ್ನು ತನ್ನ ಕೇಂದ್ರಗಳಿಂದ ಹೊರಗಿಟ್ಟಿತು. ಸಾಥಿಗಾಗಿ ಅದು ಮರಳಿ ಒಳಗೆ ಬಂದದ್ದು 1971ರಲ್ಲಿ. ಆಕ್ಷೇಪಿಸಿದವರು ಹೇಳಿದ್ದು ಸುಳ್ಳಲ್ಲ. ಆದರೂ ಆ ಮೂರು ದಶಕಗಳಲ್ಲಿ ನಮ್ಮ ಶಾಲೆಗಳಾಗಲಿ ನಾಟಕ ಕಂಪನಿಗಳಾಗಲಿ ಪೇಟಿಯನ್ನು ಕೈಬಿಡಲಿಲ್ಲ. ಸಾರಂಗಿ ಕಲಿತವರು ಎಲ್ಲ ಊರುಗಳಲ್ಲಿ ದೊರೆಯುತ್ತಿರಲಿಲ್ಲ, ಪೇಟಿ ದೊರೆಯುತ್ತಿತ್ತು.

ಕಛೇರಿಯ ಸಾಥಿದಾರನಿಗೆ ಹಿರಿಯರು ವಿಧಿಸಿದ ನಿಯಮ ಒಂದೇ: ಹಿಂದೆ ನಡೆ, ಮುಂದೆ ಹೋಗಬೇಡ. ಗವಾಯಿ ಹಾಡಿದ ಸ್ವರವಾಕ್ಯವನ್ನು ಕೂದಲೆಳೆಯಷ್ಟು ಅಂತರದಲ್ಲಿ ಅನುಸರಿಸಬೇಕು. ಅವನು ಉಸಿರು ತೆಗೆದುಕೊಳ್ಳುವಾಗ ನಾದದ ಎಳೆ ಹರಿಯದಂತೆ ಹಿಡಿದಿರಬೇಕು. ಅವನು ಇನ್ನೂ ಮುಟ್ಟದ ಸ್ವರವನ್ನು ತಾನು ಮೊದಲೇ ನುಡಿಸಿ ರಾಗದ ಗುಟ್ಟನ್ನು ಬಿಟ್ಟುಕೊಡಬಾರದು. ಪಂಡಿತ ರಾಮಭಾವು ಬಿಜಾಪುರೆಯವರು (1917–2010) ಮಲ್ಲಿಕಾರ್ಜುನ ಮನಸೂರರಂಥ ಗಾಯಕರಿಗೆ ಸಾಥ್ ನೀಡುತ್ತ ಬಾಳಿದವರು. ಅದರೊಡನೆ ಬೆಳಗಾವಿಯಲ್ಲಿ ಸಂಗೀತ ಶಾಲೆಯನ್ನು ನಡೆಸಿ ಮಕ್ಕಳಿಗೆ ಪಾಠ ಹೇಳಿದವರು. ವೇದಿಕೆಯ ಸಾಥೂ ಶಾಲೆಯ ಸಾಥೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿರಬಲ್ಲವೆಂಬುದಕ್ಕೆ ಅವರ ಹೆಸರೇ ಸಾಕು. ಆದರೆ ಅವೆರಡೂ ಒಂದೇ ವಿದ್ಯೆಯಲ್ಲ.

ಏಕೆಂದರೆ, ‘ಮುಂದೆ ಹೋಗಬೇಡ’ ಎಂಬ ನಿಯಮ ಆರಂಭದ ವಿದ್ಯಾರ್ಥಿಯ ವಿಷಯದಲ್ಲಿ ತಲೆಕೆಳಗಾಗುತ್ತದೆ. ಹತ್ತು ವರ್ಷದ ಬಾಲಕಿಗೆ ತಾರ ಷಡ್ಜ ಎಲ್ಲಿದೆಯೆಂದು ಇನ್ನೂ ತಿಳಿಯದು. ಅವಳು ಅಲ್ಲಿಗೆ ಏರುವ ಮೊದಲೇ ಸಾಥಿದಾರನು ಅದನ್ನು ಮೆಲ್ಲಗೆ ನುಡಿಸಿ ತೋರಿಸಬೇಕಾಗುತ್ತದೆ. ಇದು ತಪ್ಪಲ್ಲ. ತಪ್ಪಾಗುವುದು, ಮೂರು ವರ್ಷಗಳ ಅನಂತರವೂ ಹಾಗೆಯೇ ತೋರಿಸುತ್ತ ಕುಳಿತಾಗ. ಯಮನದಲ್ಲಿ ತೀವ್ರ ಮಧ್ಯಮಕ್ಕೆ ಬದಲಾಗಿ ಶುದ್ಧ ಮಧ್ಯಮದತ್ತ ಜಾರುವ ಹುಡುಗನಿದ್ದಾನೆಂದು ಭಾವಿಸೋಣ. ಅವನು ಜಾರಿದಾಗಲೆಲ್ಲ ಸಾಥಿದಾರ ತೀವ್ರ ಮಧ್ಯಮವನ್ನು ಗಟ್ಟಿಯಾಗಿ ಒತ್ತಿದರೆ ದನಿ ಆ ಕ್ಷಣಕ್ಕೆ ತಿದ್ದಿಕೊಳ್ಳುತ್ತದೆ, ಕಿವಿ ತಿದ್ದಿಕೊಳ್ಳುವುದಿಲ್ಲ. ಮಧ್ಯಮವನ್ನು ನುಡಿಸದೆ ಪಂಚಮವನ್ನು ಮಾತ್ರ ಸಣ್ಣಗೆ ಹಿಡಿದು ಬಿಟ್ಟರೆ, ಅದರ ಕೆಳಗಿನ ಮೆಟ್ಟಿಲನ್ನು ಅವನೇ ತಡವಿ ಹುಡುಕಬೇಕಾಗುತ್ತದೆ. ಒಂದೆರಡು ವಾರ ಹಿಡಿಯಬಹುದು. ಹಿಡಿಯಲಿ. ಹಾಗೆ ದೊರೆತ ಮಧ್ಯಮ ಪೇಟಿಯಿಲ್ಲದ ದಿನವೂ ಅವನದಾಗಿರುತ್ತದೆ.

ಆದ್ದರಿಂದ ವಿದ್ಯಾರ್ಥಿಯ ಸಾಥಿನಲ್ಲಿ ನುಡಿಸುವುದಕ್ಕಿಂತ ನುಡಿಸದೆ ಬಿಡುವುದೇ ಹೆಚ್ಚಿನ ಕೌಶಲ. ಮೊದಲು ಪ್ರತಿ ಸ್ವರಕ್ಕೂ ಜೊತೆಗಿದ್ದ ಪೇಟಿ, ಕ್ರಮೇಣ ನಿಲ್ಲುವ ಸ್ವರಗಳಲ್ಲಿ ಮಾತ್ರ ಕೇಳಿಸಬೇಕು. ಮುಂದೆ ಆಲಾಪದಲ್ಲಿ ಸಂಪೂರ್ಣ ಮೌನವಾಗಿ, ತಂಬೂರಿಯೊಂದನ್ನೇ ಬಿಟ್ಟು, ಬಂದಿಶಿನ ಮುಖಡಾದಲ್ಲಿ ಮಾತ್ರ ಬಂದು ಸೇರಬೇಕು. ಗಾಂಧಾರದ ಆ 14 ಸೆಂಟುಗಳ ಲೆಕ್ಕಕ್ಕೆ ಅರ್ಥ ಬರುವುದು ಇಲ್ಲಿಯೇ: ಪೇಟಿ ತಗ್ಗಿದಾಗಲೇ ವಿದ್ಯಾರ್ಥಿಯ ಗಾಂಧಾರ ತಂಬೂರಿಯ ಗಾಂಧಾರವನ್ನು ಸೇರಲು ಅವಕಾಶ ದೊರೆಯುತ್ತದೆ. ಆದರೆ ಯಾರಿಗೆ ಎಷ್ಟು ಬಿಡಬೇಕು, ಯಾವಾಗ ಬಿಡಬೇಕು ಎಂಬುದು ಆ ವಿದ್ಯಾರ್ಥಿಯ ಕಂಠವನ್ನು ತಿಂಗಳುಗಟ್ಟಲೆ ಕೇಳಿದವನಿಗೆ ಮಾತ್ರ ತಿಳಿಯುವ ವಿಷಯ.

ಶ್ರುತಿಯ ಆಯ್ಕೆಯಲ್ಲಿಯೂ ಹೀಗೆಯೇ. ಹುಡುಗಿಯರು ಸಾಮಾನ್ಯವಾಗಿ ಕರಿ ನಾಲ್ಕು, ಕರಿ ಐದರಲ್ಲಿಯೂ, ಪ್ರಾಯದ ಹುಡುಗರು ಕರಿ ಒಂದು, ಕರಿ ಎರಡರಲ್ಲಿಯೂ ಹಾಡುವುದು ವಾಡಿಕೆ. ಆದರೆ ಹದಿಮೂರು ಹದಿನಾಲ್ಕರ ಹುಡುಗನ ದನಿ ಒಡೆಯುವ ಕಾಲದಲ್ಲಿ ಈ ವಾಡಿಕೆ ಉಪಯೋಗಕ್ಕೆ ಬಾರದು. ನಿನ್ನೆಯ ಶ್ರುತಿ ಇಂದು ಎಟುಕುವುದಿಲ್ಲ. ಹುಡುಗನು ನಾಚಿಕೆಯಿಂದ ಹೇಳಿಕೊಳ್ಳುವುದೂ ಇಲ್ಲ, ಕತ್ತಿನ ನರ ಉಬ್ಬಿಸಿ ಏರಿಸಲು ನೋಡುತ್ತಾನೆ. ಎದುರಿಗೆ ಕುಳಿತು ಮೂವತ್ತು ಮಕ್ಕಳನ್ನು ನೋಡಿಕೊಳ್ಳುವ ಗುರುಗಳಿಗಿಂತ ಮೊದಲು, ಮಗ್ಗುಲಲ್ಲಿ ಕುಳಿತ ಸಾಥಿದಾರನ ಕಿವಿಗೆ ಆ ಬಿಗಿತ ತಾಗುತ್ತದೆ. ಅವನು ಅಂದೇ ಒಂದು ಮನೆ ಕೆಳಗಿಳಿಸಿದರೆ ಒಂದು ಕಂಠ ಉಳಿಯಿತು.

ತಬಲಾ ವಿದ್ಯಾರ್ಥಿಗೆ ನೀಡುವ ಸಾಥಿನ ಧರ್ಮವೇ ಬೇರೆ. ಅಲ್ಲಿ ಪೇಟಿಯು ಲೆಹರಾ ನುಡಿಸುತ್ತದೆ. ತೀನ್‌ತಾಲವಾದರೆ ಹದಿನಾರು ಮಾತ್ರೆಗಳ ಒಂದೇ ಸ್ವರವಾಕ್ಯ ಮರಳಿ ಮರಳಿ ಬರುತ್ತದೆ. ಗಾಯನದ ವಿದ್ಯಾರ್ಥಿ ಎಡವಿದರೆ ಸಾಥಿದಾರ ಅವನಿಗಾಗಿ ಬಾಗಬೇಕು; ತಬಲಾದ ಹುಡುಗ ಕಾಯದೆಯ ನಡುವೆ ಎಡವಿದರೆ ಲೆಹರಾ ಕಿಂಚಿತ್ತೂ ಅಲುಗಬಾರದು. ಅದು ಗೋಡೆಯಂತೆ ನಿಂತರೆ ಮಾತ್ರ ತಾನು ಎಲ್ಲಿ ತಪ್ಪಿದೆನೆಂದು ಹುಡುಗನಿಗೆ ತಿಳಿಯುತ್ತದೆ. ಒಂದೇ ಮುಂಜಾನೆಯಲ್ಲಿ ಒಂದು ಕೋಣೆಯಲ್ಲಿ ಬಳ್ಳಿಯಂತೆ, ಮತ್ತೊಂದರಲ್ಲಿ ಕಂಬದಂತೆ ಇರಬೇಕಾದ ಈ ಕೆಲಸವನ್ನು ‘ಪೇಟಿ ಒತ್ತುವುದು’ ಎಂದು ಕರೆಯುವವರೂ ಉಂಟು!

ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮವನ್ನು ಈ ಸಂದರ್ಭದಲ್ಲಿ ನೆನೆಯದಿರಲಾಗದು. ಪಂಚಾಕ್ಷರಿ ಗವಾಯಿಗಳು (1892–1944), ಅವರ ಅನಂತರ ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ಅಂಧರು. ಅಂಧರಿಗೂ ಬಡವರಿಗೂ ಅನ್ನದೊಡನೆ ನಾದವನ್ನು ಉಣಿಸಿದವರು. ಪುಟ್ಟರಾಜರು ಗಾಯನದಂತೆ ಹಾರ್ಮೋನಿಯಂ ವಾದನದಲ್ಲಿಯೂ ಸಿದ್ಧಹಸ್ತರಾಗಿದ್ದರು. ಕಣ್ಣುಳ್ಳ ಸಾಥಿದಾರನು ಗವಾಯಿಯ ಕೈಸನ್ನೆಯನ್ನು ನೋಡಿ ಮುಂದಿನ ನಡೆಯನ್ನು ಊಹಿಸಬಹುದು. ಕಣ್ಣಿಲ್ಲದವನು ಉಸಿರಿನ ಏರಿಳಿತದಿಂದಲೇ ಅದನ್ನು ಅರಿಯಬೇಕು. ಸಾಥ್ ಮೂಲತಃ ಕೇಳುವ ವಿದ್ಯೆಯೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತಿಳಿಸುವುದು ಕಷ್ಟ.

ಪಾಶ್ಚಾತ್ಯ ಸಂಗೀತ ಶಾಲೆಗಳಲ್ಲಿ ಈ ಸ್ಥಾನ ಪಿಯಾನೋ ವಾದಕನದು. ಅಲ್ಲಿ ಸಾಥಿನ ಭಾಗವನ್ನು ವಾಗ್ಗೇಯಕಾರನೇ ಬರೆದಿಡುತ್ತಾನೆ. ಶೂಬರ್ಟನು 1814ರಲ್ಲಿ ರಚಿಸಿದ, ನೂಲುವ ಗ್ರೆಟ್ಶೆನ್ನಳ ಹಾಡಿನಲ್ಲಿ ರಾಟಿ ತಿರುಗುವುದು ಗಾಯಕಿಯ ಕಂಠದಲ್ಲಲ್ಲ, ಪಿಯಾನೋದಲ್ಲಿ. ಪಿಯಾನೋ ಇಲ್ಲದೆ ಹಾಡೇ ಪೂರ್ಣವಾಗದಾದ್ದರಿಂದ, ವಿದ್ಯಾರ್ಥಿಗಳೊಡನೆ ಅಭ್ಯಾಸ ಮಾಡಲೆಂದೇ ಅಲ್ಲಿಯ ಶಾಲೆಗಳು ವಾದಕರನ್ನು ನೇಮಿಸಿಕೊಳ್ಳುತ್ತವೆ. ಅಮೆರಿಕೆಯ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗ್ವೆಂಡೊಲಿನ್ ಕೊಲ್ಡಾಫ್‌ಸ್ಕಿ ಎಂಬಾಕೆ 1947ರಲ್ಲಿ ಸಾಥಿಗೆಂದೇ ಪದವಿ ಶಿಕ್ಷಣವನ್ನು ಆರಂಭಿಸಿದರು. ಇಂಗ್ಲೆಂಡಿನ ಜೆರಾಲ್ಡ್ ಮೂರ್ (1899–1987) ಜೀವನವಿಡೀ ಪರರ ಗಾಯನಕ್ಕೆ ನುಡಿಸಿ, 1962ರಲ್ಲಿ ಹೊರಬಂದ ತಮ್ಮ ಆತ್ಮಕಥೆಗೆ ‘ನನ್ನ ಸದ್ದು ಹೆಚ್ಚಾಯಿತೇ?’ ಎಂಬರ್ಥದ ಹೆಸರಿಟ್ಟರು. ನಮ್ಮ ಪೇಟಿಯವರೂ ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಅದು.

ಎಲ್ಲವನ್ನೂ ಬರೆದಿಟ್ಟಿರುವ ಸಂಗೀತಕ್ಕೇ ಇಷ್ಟು ಸಹವಾಸ ಬೇಕಾದರೆ, ಏನನ್ನೂ ಬರೆಯದೆ ಆಯಾ ಕ್ಷಣದಲ್ಲಿ ಹುಟ್ಟುವ ನಮ್ಮ ಸಂಗೀತಕ್ಕೆ ಎಷ್ಟು ಬೇಡ? ಆದರೆ ನಡೆಯುವುದೇನು? ವರ್ಷವಿಡೀ ಸಾಥಿದಾರನಿಲ್ಲದೆ ಕಲಿತ ಮಕ್ಕಳು ಪರೀಕ್ಷೆಯ ದಿನ ಅಪರಿಚಿತನೊಬ್ಬನ ಮಗ್ಗುಲಲ್ಲಿ ಕುಳಿತುಕೊಳ್ಳುತ್ತಾರೆ. ಅವನು ಕೇಳುವ ಪ್ರಶ್ನೆ ಒಂದೇ, ‘ಯಾವ ಪಟ್ಟಿ?’ ಹೆದರಿದ ಮಗು ಒಂದು ಮನೆ ಹೆಚ್ಚಿಗೆ ಹೇಳಿಬಿಟ್ಟರೆ ಒಂದು ವರ್ಷದ ಶ್ರಮ ಹದಿನೈದು ನಿಮಿಷಗಳಲ್ಲಿ ಕರಗಿಹೋಗುತ್ತದೆ. ಇತ್ತ ವಾರ್ಷಿಕೋತ್ಸವಕ್ಕೆ ಬಂದ ಸಾಥಿದಾರನಿಗೆ ಶಾಲು ಹೊದಿಸಿ, ಫಲತಾಂಬೂಲವಿತ್ತು, ಬಸ್ಸಿನ ಖರ್ಚು ಕೊಟ್ಟು ಕಳುಹಿಸುತ್ತೇವೆ.

ದಾನಿಗಳು ತಮ್ಮ ಹಿರಿಯರ ಸ್ಮರಣಾರ್ಥ ತಂಬೂರಿಗಳನ್ನೂ ಪೇಟಿಗಳನ್ನೂ ಕೊಟ್ಟಿದ್ದಾರೆ. ಪೆಟ್ಟಿಗೆಯ ಮೇಲೆ ಅವರ ಹೆಸರುಗಳು ಇವೆ, ಇರಲಿ. ಅದರ ಜೊತೆಗೆ ಒಬ್ಬ ಸಾಥಿದಾರನ ಸಮಯಕ್ಕೂ ಒಂದು ದತ್ತಿ ಏರ್ಪಟ್ಟರೆ, ಪರೀಕ್ಷೆಗೆ ಕೂಡುವ ಪ್ರತಿ ವಿದ್ಯಾರ್ಥಿಗೂ ವಾರಕ್ಕೆ ಅರ್ಧ ತಾಸಿನಂತೆ ಜೂನ್ ತಿಂಗಳಿನಿಂದಲೇ ಅವನ ಸಹವಾಸ ದೊರೆಯುತ್ತದೆ. ವೇಳಾಪತ್ರಿಕೆಯಲ್ಲಿ ಗಾಯನ, ತಬಲಾ ಎಂಬ ಅಂಕಣಗಳ ಪಕ್ಕದಲ್ಲಿ ‘ಸಾಥ್’ ಎಂಬ ಒಂದು ಅಂಕಣಕ್ಕೆ ಸ್ಥಳ ಮಾಡುವುದು ಅಧ್ಯಾಪಕ ಬಂಧುಗಳ ಕೈಯಲ್ಲಿದೆ. ಹಿಂದೆ ಇಂಥ ಶಾಲೆಗಳಲ್ಲಿ ಪೇಟಿ ಕಲಿತು ಈಗ ನಿವೃತ್ತರಾಗಿ ಊರಲ್ಲಿಯೇ ಇರುವ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರಾದರೂ ಮುಂಜಾನೆಯ ಎರಡು ತಾಸುಗಳನ್ನು ಇದಕ್ಕೆ ಕೊಡಬಲ್ಲರು.